ಕಾರಕಜ್ಞಾನವೂ ಇಂಗ್ಲಿಷ್ ವಾಕ್ಯರಚನೆಯೂ

ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಹಳ್ಳಿಗಳಿಂದ ಬಂದು ಕನ್ನಡ ಮಾಧ್ಯಮದಲ್ಲಿ ಓದುವ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇಂಗ್ಲಿಷ್ ಎಂದೊಡನೆ ಎದೆ ನಡುಗುತ್ತದೆ. ಪದಗಳ ಅರ್ಥವನ್ನು ಅವರು ಉರುಹೊಡೆದಿರುತ್ತಾರೆ, ‘ನೌನ್’, ‘ವರ್ಬ್’ಗಳ ಲಕ್ಷಣಗಳನ್ನು ಒಪ್ಪಿಸಬಲ್ಲರು, ಸ್ವಂತವಾಗಿ ಒಂದು ವಾಕ್ಯವನ್ನು ಬರೆಯೆಂದರೆ ಮಾತ್ರ ಲೇಖನಿ ಮುಂದೆ ಸಾಗದು. ಇಂಥವರನ್ನು ಮಂದಮತಿಗಳೆಂದು ಹಿಂದಿನ ಸಾಲಿನಲ್ಲಿ ಕೂರಿಸುವುದೂ, ಕನ್ನಡವೇ ಇಂಗ್ಲಿಷಿಗೆ ಅಡ್ಡಿಯೆಂದು ಪೋಷಕರು ಭಾವಿಸಿ ಶಾಲೆಯನ್ನೇ ಬದಲಿಸುವುದೂ ನಡೆದಿದೆ. ಎರಡೂ ತಪ್ಪು ದಾರಿಗಳೇ. ಕನ್ನಡ ವ್ಯಾಕರಣವನ್ನು ಬಲ್ಲ ಬಾಲಕನ ಕೈಯಲ್ಲಿ ಇಂಗ್ಲಿಷ್ ವಾಕ್ಯದ ಬೀಗದಕೈ ಆಗಲೇ ಇದೆ. ಅದನ್ನು ತಿರುಗಿಸುವ ಬಗೆಯನ್ನು ಅವನಿಗೆ ಯಾರೂ ತೋರಿಸಿಲ್ಲ, ಅಷ್ಟೆ.

ಒಂದು ಭಾಷೆಯಿಂದ ಮತ್ತೊಂದಕ್ಕೆ ಸಾಗುವ ಈ ಕಷ್ಟವನ್ನು ಇದೇ ಸೀಮೆಯಲ್ಲಿ ಹಿಂದೆ ಆಂಗ್ಲರೂ ಉಂಡಿದ್ದರು. 1830ರ ದಶಕದಲ್ಲಿ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲೆಯೂರಿದರು. ಅಲ್ಲಿ ಕೆಲಸ ಮಾಡಿದ ಥಾಮಸ್ ಹಾಡ್ಸನ್ ಅವರು ಮುಂದೆ 1859ರಲ್ಲಿ ಇಂಗ್ಲಿಷಿನಲ್ಲಿ ಒಂದು ಕನ್ನಡ ವ್ಯಾಕರಣವನ್ನು ಪ್ರಕಟಿಸಿದರು. ಉದಾಹರಣೆಗಳಲ್ಲಿ ಬರುವ ಒಂದೊಂದು ಪದಕ್ಕೂ ಓದುಗನ ಮಾತೃಭಾಷೆಯಲ್ಲಿಯೇ ಅರ್ಥವನ್ನು ಕೊಟ್ಟದ್ದು ಆ ಗ್ರಂಥದ ವಿಶೇಷ. ಬಲ್ಲ ಭಾಷೆಯನ್ನು ಹಿಡಿದು ಬಾರದ ಭಾಷೆಗೆ ಹೋಗುವುದೇ ಆ ಕ್ರಮ. ನಮ್ಮ ಮಕ್ಕಳಿಗೂ ಅದೇ ಕ್ರಮ ಸಲ್ಲಬೇಕು.

ಎರಡು ಭಾಷೆಗಳ ಮೂಲಭೇದವನ್ನು ಮೊದಲು ತಿಳಿಯತಕ್ಕದ್ದು. ‘ಹುಲಿಯು ಹಸುವನ್ನು ಕೊಂದಿತು’ ಎಂಬ ವಾಕ್ಯವನ್ನು ‘ಹಸುವನ್ನು ಹುಲಿಯು ಕೊಂದಿತು’ ಎಂದು ಬದಲಿಸಿದರೂ ಅರ್ಥಕ್ಕೆ ಹಾನಿಯಿಲ್ಲ. ‘ಅನ್ನು’ ಎಂಬ ದ್ವಿತೀಯಾ ಪ್ರತ್ಯಯವು ಕರ್ಮಪದವನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ ನಾಮಪದಕ್ಕೆ ಅಂಥ ಕಾವಲುಗಾರನಿಲ್ಲ. ‘ದ ಟೈಗರ್ ಕಿಲ್ಡ್ ದ ಕೌ’ ಎಂಬಲ್ಲಿ ಪದಗಳ ಸ್ಥಾನವನ್ನು ಅದಲುಬದಲು ಮಾಡಿದರೆ ಹಸುವೇ ಹುಲಿಯನ್ನು ಕೊಂದಂತಾಗುತ್ತದೆ! ಪುಣ್ಯಕೋಟಿಯ ಕಥೆಯಲ್ಲಿಯೂ ಅಂಥ ಪವಾಡ ನಡೆದಿಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ವಿಭಕ್ತಿ ಪ್ರತ್ಯಯಗಳಿದ್ದುವು. ಕಾಲಕ್ರಮದಲ್ಲಿ ಅವು ಬಹುಮಟ್ಟಿಗೆ ಸವೆದುಹೋದುವು. ಪ್ರತ್ಯಯವು ಮಾಡುತ್ತಿದ್ದ ಕೆಲಸವನ್ನು ಈಗ ಸ್ಥಾನವು ಮಾಡುತ್ತಿದೆ. ಮೊದಲು ಕರ್ತೃ, ಅನಂತರ ಕ್ರಿಯೆ, ಆಮೇಲೆ ಕರ್ಮ ಎಂಬ ಕ್ರಮವು ಅಲ್ಲಿ ಅಲಂಕಾರವಲ್ಲ, ಅದೇ ವ್ಯಾಕರಣ.

ಉಳಿದ ಸಂಬಂಧಗಳನ್ನು ‘ಪ್ರಿಪೊಸಿಷನ್’ ಎಂಬ ಪುಟ್ಟ ಪದಗಳು ಸೂಚಿಸುತ್ತವೆ. ಕನ್ನಡದಲ್ಲಿ ನಾಮಪದದ ಹಿಂದೆ ಹತ್ತುವುದು ಅಲ್ಲಿ ಮುಂದೆ ನಿಲ್ಲುತ್ತದೆ. ‘ತುಮಕೂರಿನಿಂದ ಕುಣಿಗಲಿಗೆ’ ಎಂಬುದು ‘ಫ್ರಮ್ ತುಮಕೂರು ಟು ಕುಣಿಗಲ್’ ಆಗುವುದು ಕನ್ನಡಿಯಲ್ಲಿ ಕಂಡ ಬಿಂಬದಂತೆ. ಆದರೆ ಒಂದು ಪ್ರತ್ಯಯಕ್ಕೆ ಒಂದೇ ಪ್ರಿಪೊಸಿಷನ್ ಎಂದು ಪಟ್ಟಿಮಾಡಿ ಬಾಯಿಪಾಠ ಮಾಡಿಸಿದಲ್ಲಿ ಅನರ್ಥವಾಗುತ್ತದೆ. ‘ಇಂದ’ ಎಂಬುದನ್ನೇ ನೋಡಬಹುದು. ‘ಕುಡುಗೋಲಿನಿಂದ ಕೊಯ್ದನು’ ಎಂಬಲ್ಲಿ ಅದು ‘ವಿತ್’. ‘ಗುಬ್ಬಿಯಿಂದ ಬಂದನು’ ಎಂಬಲ್ಲಿ ‘ಫ್ರಮ್’. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬಲ್ಲಿ ‘ಬೈ’. ‘ಸೋಮವಾರದಿಂದ ಶಾಲೆಗೆ ಬಂದಿಲ್ಲ’ ಎಂಬಲ್ಲಿ ‘ಸಿನ್ಸ್’. ಪ್ರತ್ಯಯ ಒಂದೇ, ಕಾರಕ ಬೇರೆ. ಮೊದಲನೆಯದು ಕರಣ, ಎರಡನೆಯದು ಅಪಾದಾನ, ಮೂರನೆಯದು ಕರ್ಮಣಿ ಪ್ರಯೋಗದ ಕರ್ತೃ, ನಾಲ್ಕನೆಯದು ಕಾಲದ ಆರಂಭ. ವಿಭಕ್ತಿಯೂ ಕಾರಕವೂ ಒಂದೇ ಅಲ್ಲವೆಂಬುದನ್ನು ನಮ್ಮ ವೈಯಾಕರಣರು ಚೆನ್ನಾಗಿ ಬಲ್ಲರು; 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿಭಕ್ತಿಪಲ್ಲಟವನ್ನು ವಿವರಿಸಿರುವುದು ಇದಕ್ಕೆ ಸಾಕ್ಷಿ. ಕಾರಕವನ್ನು ಗುರುತಿಸಬಲ್ಲ ವಿದ್ಯಾರ್ಥಿಗೆ ‘ವಿತ್’ ಯಾವುದು, ‘ಬೈ’ ಯಾವುದು ಎಂಬ ಗೊಂದಲ ಬಹಳಮಟ್ಟಿಗೆ ಕಳೆಯುತ್ತದೆ. ಪೂರ್ತಿಯಾಗಿ ಕಳೆಯುತ್ತದೆಂದು ಹೇಳಲಾಗದು. ‘ಬಸ್ಸಿನಲ್ಲಿ ಬಂದನು’ ಎಂಬ ನಮ್ಮ ಸಪ್ತಮಿಯು ಅಲ್ಲಿ ‘ಬೈ ಬಸ್’ ಎಂದೇ ಆಗಬೇಕು.

ಕ್ರಿಯಾಪದದ ವಿಷಯದಲ್ಲಿಯೂ ಹೀಗೆಯೇ. ‘ಹೋದೆನು’ ಎಂದರೆ ಸಾಕು, ‘ನಾನು’ ಎಂಬುದನ್ನು ಅಧ್ಯಾಹಾರ ಮಾಡಿಕೊಳ್ಳಬಹುದು. ‘ಎನು’ ಎಂಬ ಆಖ್ಯಾತ ಪ್ರತ್ಯಯವೇ ಹೋದವನಾರೆಂದು ಹೇಳಿಬಿಡುತ್ತದೆ. ‘ವೆಂಟ್’ ಎಂಬುದಾದರೋ ಎಲ್ಲ ಪುರುಷಗಳಿಗೂ ಎರಡು ವಚನಗಳಿಗೂ ಒಂದೇ. ಆದ್ದರಿಂದ ಅಲ್ಲಿ ಕರ್ತೃಪದವನ್ನು ಬಿಡುವಂತಿಲ್ಲ. ಹೇಳಲು ಕರ್ತೃವೇ ಇಲ್ಲದಾಗಲೂ ಆ ಪೀಠ ಬರಿದಾಗಿರಬಾರದೆಂದು ‘ಇಟ್ ಈಸ್ ರೇನಿಂಗ್’ ಎಂದು ‘ಇಟ್’ ಅನ್ನು ಕೂರಿಸುತ್ತಾರೆ. ‘ಇವರು ನಮ್ಮ ಉಪಾಧ್ಯಾಯರು’ ಎಂಬ ಕ್ರಿಯಾಪದವಿಲ್ಲದ ವಾಕ್ಯ ಕನ್ನಡಕ್ಕೆ ಸಹಜ. ಇಂಗ್ಲಿಷಿನಲ್ಲಿ ‘ಈಸ್’ ಇಲ್ಲದೆ ವಾಕ್ಯವೇ ಇಲ್ಲ. ನಮ್ಮ ಮಕ್ಕಳು ಹೆಚ್ಚಾಗಿ ಬಿಡುವ ಪದ ಇದೇ, ಕಾರಣವೂ ಇದೇ. ಪರಿಭಾಷೆಯಲ್ಲಿಯೂ ಒಂದು ಹಳ್ಳವುಂಟು: ‘ಫಸ್ಟ್ ಪರ್ಸನ್’ ಎಂದರೆ ನಮ್ಮ ಪ್ರಥಮಪುರುಷವಲ್ಲ, ಉತ್ತಮಪುರುಷ.

‘ಹಿ ಡಿಡ್ ನಾಟ್ ಕೇಮ್’ ಎಂಬುದು ಪರೀಕ್ಷಕರಿಗೆಲ್ಲ ಪರಿಚಿತವಾದ ತಪ್ಪು. ‘ಡಿಡ್ ಬಂದಾಗ ಮೂಲರೂಪವನ್ನೇ ಬಳಸು’ ಎಂದು ನೂರು ಬಾರಿ ಬರೆಸುವುದಕ್ಕಿಂತ, ಕನ್ನಡದಲ್ಲಿ ನಿಷೇಧವನ್ನು ಹೇಗೆ ಹೇಳುವೆಯೆಂದು ಕೇಳುವುದು ಲೇಸು. ಬಾಲಕನು ‘ಬಂದನು ಇಲ್ಲ’ ಎನ್ನುವುದಿಲ್ಲ, ‘ಬರಲಿಲ್ಲ’ ಎನ್ನುತ್ತಾನೆ. ‘ಬರಲ್’ ಎಂಬುದರಲ್ಲಿ ಭೂತಕಾಲದ ಗುರುತಿಲ್ಲ. ಅದಕ್ಕೆ ಸಮನಾದುದು ‘ಕಮ್’. ಕಾಲದ ಭಾರವನ್ನು ‘ಡಿಡ್’ ಒಮ್ಮೆ ಹೊತ್ತ ಮೇಲೆ ಮತ್ತೊಂದು ಪದ ಹೊರಬೇಕಾದುದಿಲ್ಲ. ‘ಬಂದನೇ?’ ಎಂಬ ಪ್ರಶ್ನೆಯು ‘ಡಿಡ್ ಹಿ ಕಮ್?’ ಎಂದಾಗುವುದೂ ಈ ನ್ಯಾಯದಿಂದಲೇ.

ಈ ಜಿಲ್ಲೆಯ ಇಬ್ಬರು ಹಿರಿಯರನ್ನು ಇಲ್ಲಿ ನೆನೆಯುವುದು ಉಚಿತ. 1884ರಲ್ಲಿ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡದ ನವೋದಯಕ್ಕೆ ಕಾರಣರಾದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರು ಎರಡು ಭಾಷೆಗಳನ್ನೂ ಆಳವಾಗಿ ಬಲ್ಲವರು. ಅವರ ‘ಕನ್ನಡ ಮಧ್ಯಮ ವ್ಯಾಕರಣ’ವನ್ನು ಇಂಗ್ಲಿಷ್ ಬೋಧಿಸುವ ಉಪಾಧ್ಯಾಯರೂ ಮೇಜಿನ ಮೇಲಿಟ್ಟುಕೊಳ್ಳಬಹುದು.

ಕೊನೆಯದಾಗಿ ‘ಎ’, ‘ದ’ ಎಂಬ ಆರ್ಟಿಕಲ್‌ಗಳು. ‘ಕುಣಿಗಲಿನಲ್ಲಿ ಒಂದು ಕುದುರೆಯನ್ನು ಕಂಡೆನು, ಆ ಕುದುರೆ ಕುಂಟುತ್ತಿತ್ತು’ ಎಂಬಲ್ಲಿ ಹೊಸದಾಗಿ ಹೇಳಿದ ‘ಒಂದು’ ಎಂಬುದು ‘ಎ’, ಹಿಂದೆ ಹೇಳಿದ್ದನ್ನು ತೋರುವ ‘ಆ’ ಎಂಬುದು ‘ದ’. ಇಷ್ಟರ ಮಟ್ಟಿಗೆ ಕನ್ನಡ ನೆರವಾಗುತ್ತದೆ. ‘ಸೂರ್ಯನು ಉದಯಿಸಿದನು’ ಎನ್ನುವಾಗ ನಮ್ಮಲ್ಲಿ ‘ಆ’ ಇಲ್ಲ, ಅಲ್ಲಿ ‘ದ’ ಬೇಕೇ ಬೇಕು. ಇಂಥೆಡೆಗಳಲ್ಲಿ ಸೂತ್ರವು ಸಾಲದು. ಒಳ್ಳೆಯ ಗದ್ಯವನ್ನು ಗಟ್ಟಿಯಾಗಿ ಓದಿಸಿ, ಕಿವಿಗೆ ರೂಢಿಮಾಡಿಸಬೇಕು.