ಜಾಲಿ ಕೀಳಿ, ಮೇಲ್ಮಣ್ಣು ಉಳಿಸಿ

ಧರ್ಮಪುರಿ ದಾಟಿ ಸೇಲಂ ದಾರಿಯಲ್ಲಿ ಸಿಗುವ ನಲ್ಲಂಪಳ್ಳಿ ಕಡೆ ಅದಕ್ಕೆ ‘ಸೀಮೈ ಕರುವೇಲಂ’ ಅಂತಾರೆ. ನಮ್ಮಲ್ಲಿ ಬಳ್ಳಾರಿ ಜಾಲಿ. ಬಳ್ಳಾರಿಗೂ ಇದಕ್ಕೂ ಹುಟ್ಟಿನ ನಂಟಿಲ್ಲ. ಅಮೆರಿಕ ಖಂಡದ ಈ ಮರ 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಬಂತು. ಸೀಮೆಎಣ್ಣೆ, ಸೀಮೆಹಸುವಿನ ಹಾಗೆ ಇದೂ ಸೀಮೆಯದೇ, ತಮಿಳರ ಹೆಸರೇ ಸರಿ ಅನ್ನಿ.

ಇದನ್ನು ತೆಗೆಯಬೇಕೆಂದು 2017ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಆದೇಶಿಸಿತು. ತೆಗೆಯಲೇಬೇಕು, ಸರಿ. ಆದರೆ ಜೆಸಿಬಿ ತರಿಸಿ ಮರದ ಜೊತೆ ಮೇಲ್ಮಣ್ಣನ್ನೂ ಕೆರೆದು ಬದುವಿಗೆ ತಳ್ಳುವುದಿದೆಯಲ್ಲ, ಅದು ಕೈಯಾರೆ ಮಾಡಿಕೊಳ್ಳುವ ನಷ್ಟ.

ಯಾಕೆಂದರೆ ಜಾಲಿ ಕೆಳಗಿನ ಮಣ್ಣು ಸತ್ತ ಮಣ್ಣಲ್ಲ. ತೊಗರಿ, ಹುರುಳಿ ಬೇರಿನ ಹಾಗೆ ಇದರ ಬೇರಿನ ಗಂಟಿನಲ್ಲೂ ಜೀವಾಣುಗಳು ಗಾಳಿಯ ಸಾರಜನಕ ಹಿಡಿಯುತ್ತವೆ. ಎಲೆ ಉದುರಿ ಕೊಳೆತಂತೆ ಸಾರಜನಕ, ಸಾವಯವ ಅಂಶ ಏರುತ್ತವೆ, ಸೂಕ್ಷ್ಮಜೀವಿಗಳ ಓಡಾಟವೂ ಹೆಚ್ಚುತ್ತದೆ. ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯವರು ಚೌಳು ಭೂಮಿಯಲ್ಲಿ ಇದನ್ನೇ ನೆಟ್ಟು ಕ್ಷಾರ ಇಳಿಸಿ ತೋರಿಸಿದ್ದಾರೆ.

ಹಾಗಾದರೆ ಬುಡದಲ್ಲಿ ಹುಲ್ಲು ಯಾಕೆ ಕಾಣದು? ಎಲೆಯಲ್ಲಿ ಫೀನಾಲಿಕ್ ರಸಗಳಿವೆ. ಮಳೆಗೆ ಅವು ಮಣ್ಣಿಗಿಳಿದು ಬೇರೆ ಬೀಜದ ಮೊಳಕೆ ತಡೆಯುತ್ತವೆ. ನೆರಳು, ನೀರಿನ ಪೈಪೋಟಿ ಬೇರೆ. ನಾವು ದಸರಾಕ್ಕೆ ಪೂಜಿಸುವ ಬನ್ನಿ, ತಮಿಳರ ವನ್ನಿ, ಇದರ ನಂಟನೇ. ರಾಜಸ್ಥಾನದಲ್ಲಿ ಬನ್ನಿ ಮರದಡಿ ಸಜ್ಜೆ ಬೆಳೆಯುತ್ತಾರೆ. ಜಾಲಿಯಡಿ ಆ ಮಾತಿಲ್ಲ. ಊಟ ಬಡಿಸಿಟ್ಟು ಬಾಗಿಲು ಹಾಕಿಕೊಂಡ ಮನೆ ಇದು.

ಕೊರಡು ಸೌದೆಗೋ ಇದ್ದಿಲಿಗೋ ಹೋಗಲಿ. ಬುಡವನ್ನು ನೆಲಮಟ್ಟಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ, ಒಂದಡಿ ಆಳಕ್ಕೆ ಅಗೆದು ತೆಗೆಯಿರಿ. ಎಲೆಕಸ ಗುಡಿಸಿ ಹಾಕಿ, ಮಣ್ಣು ಅಲ್ಲೇ ಇರಲಿ. ಮಣ್ಣು ಪರೀಕ್ಷೆಗೆ ಕೊಡುವಾಗ ಮರವಿದ್ದ ಜಾಗದ್ದು, ಬಯಲಿನದು ಬೇರೆ ಬೇರೆ ಚೀಲದಲ್ಲಿ ಕೊಡಿ. ಬೆರೆಸಿದರೆ ಯೂರಿಯಾ ಲೆಕ್ಕ ತಪ್ಪುತ್ತದೆ. ಬಿತ್ತುವ ಮುಂಚೆ ಎರಡು ಕುಂಡದಲ್ಲಿ ಎರಡೂ ಮಣ್ಣು ತುಂಬಿ ರಾಗಿ ಹಾಕಿ ನೋಡಿ. ಮೊಳಕೆ ಸಮ ಬಂದರೆ ಹೊಲಕ್ಕಿಳಿಯಿರಿ, ಹಿಂದೆ ಬಿದ್ದರೆ ಇನ್ನಷ್ಟು ಮಳೆ ಬೀಳಲಿ.

ಇನ್ನು ಹಟ್ಟಿಗೊಬ್ಬರ. ಆಡು, ದನ ಸಿಹಿ ಕಾಯಿ ತಿಂದರೂ ಬೀಜ ಸಾಯದೆ ಸಗಣಿ, ಹಿಕ್ಕೆಯಲ್ಲಿ ಬರುತ್ತದೆ. ಮೇವಿಗೆ ಕಾಯಿ ಹಾಕುವವರು ಬೀಜ ನುಚ್ಚಾಗುವಂತೆ ಬೀಸಿಯೇ ಹಾಕಬೇಕು.