ಹೊಗೆಯನ್ನು ತೊಳೆಯುವ ನೀರು

ಬೇಸಿಗೆಯುದ್ದಕ್ಕೂ ಧೂಳು ಕವಿದು ಮಸುಕಾಗಿದ್ದ ಆಕಾಶವು ಮೊದಲ ದೊಡ್ಡ ಮಳೆ ಸುರಿದ ಮರುದಿನ ತಿಳಿಯಾಗಿ ಕಾಣುವುದು ಎಲ್ಲರ ಅನುಭವಕ್ಕೆ ಬಂದ ಸಂಗತಿ. ಬೀಳುವ ಹನಿಯು ತನ್ನ ದಾರಿಯಲ್ಲಿ ಸಿಕ್ಕ ಕಣವನ್ನು ಹಿಡಿದುಕೊಂಡು ನೆಲಕ್ಕೆ ಇಳಿಸುತ್ತದೆ. ನಿಸರ್ಗದ ಈ ಕಾರ್ಯವನ್ನೇ ಗೋಪುರವೊಂದರ ಒಳಗೆ ವ್ಯವಸ್ಥಿತವಾಗಿ ನಡೆಸುವ ಸಾಧನಕ್ಕೆ ‘ವೆಟ್ ಸ್ಕ್ರಬರ್’ ಎಂದು ಹೆಸರು. ಸಕ್ಕರೆ ಕಾರ್ಖಾನೆಯ ಬಾಯ್ಲರ್, ಎರಕದ ಕುಲುಮೆ, ಕಬ್ಬಿಣದ ಊದುಕುಲುಮೆ ಮುಂತಾದೆಡೆಗಳಲ್ಲಿ ಇದರ ಬಳಕೆಯುಂಟು. ಈ ಸಾಧನವು ಏನನ್ನು ಹಿಡಿಯುತ್ತದೆ ಎಂಬುದರಷ್ಟೇ, ಏನನ್ನು ಬಿಟ್ಟುಬಿಡುತ್ತದೆ ಎಂಬುದೂ ಅರಿಯತಕ್ಕ ವಿಷಯವಾಗಿದೆ.

ಸಕ್ಕರೆ ಕಾರ್ಖಾನೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕಬ್ಬನ್ನು ನುರಿಸಿ ರಸ ತೆಗೆದ ಮೇಲೆ ಉಳಿಯುವ ಸಿಪ್ಪೆ, ಅಂದರೆ ಬಗ್ಯಾಸ್, ಅಲ್ಲಿಯ ಬಾಯ್ಲರಿಗೆ ಉರುವಲು. ಅದು ಉರಿದಾಗ ಹಗುರವಾದ ಬೂದಿಯೂ ಅರೆಸುಟ್ಟ ಇದ್ದಿಲಿನ ಚೂರುಗಳೂ ಬಿಸಿ ಅನಿಲದೊಡನೆ ಚಿಮಣಿಯತ್ತ ಸಾಗುತ್ತವೆ. ಅವುಗಳಲ್ಲಿ ಕೆಲವು ಇನ್ನೂ ಕೆಂಡವಾಗಿಯೇ ಇರುವುದರಿಂದ ಬಟ್ಟೆಯ ಚೀಲಗಳಲ್ಲಿ ಸೋಸಹೊರಟರೆ ಚೀಲವೇ ಹೊತ್ತಿಕೊಳ್ಳುವ ಭಯವಿದೆ. ನೀರಿಗೆ ಆ ಭಯವಿಲ್ಲ. ಆದುದರಿಂದ ಅನಿಲವನ್ನು ಗೋಪುರದ ಬುಡದಿಂದ ಮೇಲಕ್ಕೆ ಹಾಯಿಸಿ, ಮೇಲಿನಿಂದ ನೀರನ್ನು ತುಂತುರಾಗಿ ಸಿಂಪಡಿಸುವರು.

ಹನಿಯು ಕಣವನ್ನು ಹಿಡಿಯುವ ಬಗೆ ಹೇಗೆ? ಹನಿಯನ್ನು ಸಮೀಪಿಸಿದ ಅನಿಲವು ಪಕ್ಕಕ್ಕೆ ಬಾಗಿ, ಅದನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಹೇರು ತುಂಬಿದ ಚಕ್ಕಡಿ ಓಟದಲ್ಲಿರುವಾಗ ಥಟ್ಟನೆ ತಿರುಗಲಾರದು. ಅಂತೆಯೇ ಭಾರವುಳ್ಳ ಕಣವು ಜಡತ್ವದ ಕಾರಣದಿಂದ ನೇರವಾಗಿಯೇ ಸಾಗಿ ಹನಿಗೆ ಬಡಿದು ಅಂಟಿಕೊಳ್ಳುತ್ತದೆ. ಹಗುರವಾದ ಕಣವಾದರೋ ಅನಿಲದೊಡನೆ ತಾನೂ ಬಾಗಿ ಪಾರಾಗುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎನ್ನುವರು. 0.1 ಮೈಕ್ರಾನಿಗಿಂತಲೂ ಕಿರಿದಾದ ಕಣಗಳು ಅನಿಲದ ಅಣುಗಳ ಬಡಿತಕ್ಕೆ ಸಿಕ್ಕಿ ಅತ್ತಿತ್ತ ಅಲೆದಾಡುತ್ತ ಹನಿಯನ್ನು ತಾವಾಗಿಯೇ ಸೇರುವುದುಂಟು. ಹೀಗಾಗಿ ನಡುವಿನ, ಅಂದರೆ ಸುಮಾರು 0.1ರಿಂದ 0.5 ಮೈಕ್ರಾನ್ ಗಾತ್ರದ ಕಣಗಳನ್ನು ಹಿಡಿಯುವುದೇ ಅತ್ಯಂತ ಕಷ್ಟ.

ಹನಿಗಳು ಚಿಕ್ಕವಾದಷ್ಟೂ ಒಳ್ಳೆಯದೆಂದು ತೋರಬಹುದು. ಆದರೆ ತೀರ ಚಿಕ್ಕ ಹನಿಯು ಅನಿಲದೊಡನೆ ತೇಲಿಹೋಗುತ್ತದೆ. ಹನಿ ತೀರ ದೊಡ್ಡದಾದರೆ ಅಷ್ಟೇ ನೀರಿನಿಂದ ದೊರೆಯುವ ಹನಿಗಳ ಸಂಖ್ಯೆ ಕುಗ್ಗುತ್ತದೆ. ಆದುದರಿಂದ ತುಂತುರು ಗೋಪುರಕ್ಕೆ ಅರ್ಧದಿಂದ ಒಂದು ಮಿಲಿಮೀಟರ್ ವ್ಯಾಸದ ಹನಿಗಳು ಯೋಗ್ಯವೆನಿಸಿವೆ. ಇಂಥ ಗೋಪುರವು 10 ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆಯಾದರೂ ಒಂದು ಮೈಕ್ರಾನಿನ ಕಣಗಳ ಮುಂದೆ ಅದರ ಆಟ ನಡೆಯದು.

ಊದುಕುಲುಮೆಯಲ್ಲಿ ಈ ಮಟ್ಟದ ಶುದ್ಧಿ ಸಾಲದು. ಅದರಿಂದ ಹೊರಡುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಅದೂ ಒಂದು ಉರುವಲೇ. ಕುಲುಮೆಗೆ ಊದುವ ಗಾಳಿಯನ್ನು ಕಾಯಿಸಲು ಅದನ್ನು ಉರಿಸುವರು. ಧೂಳು ಉಳಿದಿದ್ದರೆ ಗಾಳಿ ಕಾಯಿಸುವ ಒಲೆಗಳ ಇಟ್ಟಿಗೆಯ ಸಂದುಗಳು ಕಟ್ಟಿಕೊಳ್ಳುತ್ತವೆ. ಆದಕಾರಣ ಘನಮೀಟರಿಗೆ ಹಲವು ಗ್ರಾಮ್‌ಗಳಷ್ಟಿದ್ದ ಧೂಳನ್ನು ಸುಮಾರು 10 ಮಿಲಿಗ್ರಾಮಿಗೆ ಇಳಿಸಬೇಕಾಗುತ್ತದೆ. ಇಲ್ಲಿ ನೆರವಿಗೆ ಬರುವುದು, ಇಟಲಿಯ ಭೌತವಿಜ್ಞಾನಿ ಜಿಯೊವಾನ್ನಿ ಬಟಿಸ್ಟಾ ವೆಂಚುರಿ (1746–1822) ಅವರ ಹೆಸರನ್ನು ಹೊತ್ತ, ನಡುವೆ ಕಿರಿದಾದ ಕೊಳವೆ. ಅದರ ಕಂಠದಲ್ಲಿ ಅನಿಲವು ಸೆಕೆಂಡಿಗೆ 60ರಿಂದ 120 ಮೀಟರ್ ವೇಗದಲ್ಲಿ ನುಗ್ಗಿ, ಅಲ್ಲಿ ಬಿಟ್ಟ ನೀರನ್ನು ತಾನೇ ಸೀಳಿ ಸಣ್ಣ ಹನಿಗಳನ್ನಾಗಿಸುತ್ತದೆ. ಆಗತಾನೆ ಹುಟ್ಟಿದ ಹನಿ ಮಂದಗತಿಯದು, ಅನಿಲ ಅತಿವೇಗದ್ದು. ಈ ಅಂತರದಿಂದಾಗಿ ಹಗುರವಾದ ಕಣವೂ ತಿರುಗಲು ಎಡೆಯಿಲ್ಲದೆ ಹನಿಗೆ ಅಪ್ಪಳಿಸುತ್ತದೆ. ಮುಂದೆ ಅನಿಲವನ್ನು ಸುತ್ತುಗಟ್ಟಿ ತಿರುಗಿಸಿ ಹನಿಗಳನ್ನು ಬೇರ್ಪಡಿಸುವರು.

ಆದರೆ ಈ ವೇಗಕ್ಕೆ ಬೆಲೆಯುಂಟು. ಅನಿಲವನ್ನು ದೂಡಲು ಬೇಕಾದ ಒತ್ತಡವನ್ನು ನೀರಿನ ಕಂಬದ ಎತ್ತರದಿಂದ ಅಳೆಯುವುದು ರೂಢಿ. ತುಂತುರು ಗೋಪುರಕ್ಕೆ 2.5 ಸೆಂಟಿಮೀಟರ್ ಸಾಕಾದರೆ ವೆಂಚುರಿಗೆ 100 ಸೆಂಟಿಮೀಟರ್ ಬೇಕಾದೀತು. ಸೆಕೆಂಡಿಗೆ 10 ಘನಮೀಟರ್ ಅನಿಲಕ್ಕೆ ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ಸುಮಾರು 2.5 ಕಿಲೋವಾಟ್, ಎರಡನೆಯದಕ್ಕೆ ಸುಮಾರು 100 ಕಿಲೋವಾಟ್ ಶಕ್ತಿ ಬೇಕು. ಫ್ಯಾನಿನಲ್ಲಾಗುವ ನಷ್ಟ ಬೇರೆ. ಕಣ ಕಿರಿದಾದಷ್ಟೂ ಖರ್ಚು ಹಿರಿದು.

ಸಣ್ಣ ಕಣಕ್ಕೆ ಇಷ್ಟು ವೆಚ್ಚವೇಕೆ ಎಂಬ ಪ್ರಶ್ನೆ ಸಹಜ. ಒಂದೇ ಬಗೆಯ ಧೂಳಿನಲ್ಲಿ 10 ಮೈಕ್ರಾನಿನ ಒಂದು ಕಣವು ಒಂದು ಮೈಕ್ರಾನಿನ ಸಾವಿರ ಕಣಗಳಷ್ಟು ತೂಗುತ್ತದೆ. ಆದುದರಿಂದ ತೂಕದಲ್ಲಿ ನೂರಕ್ಕೆ 95 ಭಾಗ ಹಿಡಿದ ಸಾಧನವೂ ಎಣಿಕೆಯಲ್ಲಿ ಬಹುಪಾಲು ಕಣಗಳನ್ನು ಬಿಟ್ಟಿರಬಹುದು. ಸಕ್ಕರೆ ಕಾರ್ಖಾನೆಗಳ ಚಿಮಣಿಗೆ 2016ರಲ್ಲಿ ವಿಧಿಸಿದ ಘನಮೀಟರಿಗೆ 150 ಮಿಲಿಗ್ರಾಂ ಮಿತಿಯೂ ತೂಕದ ಲೆಕ್ಕದ್ದೇ. ಶ್ವಾಸಕೋಶದ ಆಳಕ್ಕೆ ಇಳಿಯುವುವು 2.5 ಮೈಕ್ರಾನಿಗಿಂತ ಕಿರಿದಾದ ಕಣಗಳು. ಸುತ್ತಲಿನ ಗಾಳಿಯಲ್ಲಿ ಅವು ಎಷ್ಟಿರಬಹುದೆಂಬುದಕ್ಕೆ ನಮ್ಮ ದೇಶವು 2009ರಲ್ಲಿ ಪ್ರತ್ಯೇಕ ಮಿತಿಯನ್ನು ನಿಗದಿಪಡಿಸಿತು. ಸ್ಕ್ರಬರ್ ಉಳ್ಳ ಚಿಮಣಿಯ ಬಿಳಿ ಮೋಡ ಬಹುಮಟ್ಟಿಗೆ ನೀರಿನ ಆವಿ. ಅದನ್ನು ಕಂಡು ಹೆದರಬೇಕಾಗಿಲ್ಲ. ಆದರೆ ಅದು ಬಿಳಿಯಾಗಿದೆ ಎಂದ ಮಾತ್ರಕ್ಕೆ ಶುದ್ಧವೆಂದು ನಂಬುವಂತೆಯೂ ಇಲ್ಲ.

ಇನ್ನುಳಿದುದು ನೀರಿನ ಮಾತು. ವೆಂಚುರಿಗೆ ಒಂದು ಘನಮೀಟರ್ ಅನಿಲಕ್ಕೆ ಸುಮಾರು ಒಂದು ಲೀಟರ್ ನೀರು ಬೇಕು. ಹಿಡಿದ ಧೂಳೆಲ್ಲ ರಾಡಿಯಾಗಿ ಆ ನೀರಿನಲ್ಲಿಯೇ ಇರುತ್ತದೆ. ಅದನ್ನು ಹಳ್ಳಕ್ಕೆ ಹರಿಯಬಿಟ್ಟರೆ ಗಾಳಿಯ ಕೊಳೆಯನ್ನು ನೀರಿಗೆ ವರ್ಗಾಯಿಸಿದಂತಾಯಿತೇ ಹೊರತು ಕಳೆದಂತಾಗಲಿಲ್ಲ. ಆದುದರಿಂದ ತೊಟ್ಟಿಗಳಲ್ಲಿ ರಾಡಿ ತಳಕ್ಕಿಳಿಯುವಂತೆ ಮಾಡಿ, ತಿಳಿನೀರನ್ನು ಮರಳಿ ಗೋಪುರಕ್ಕೆ ಏರಿಸಬೇಕು. ಸಕ್ಕರೆ ಕಾರ್ಖಾನೆಯ ಬೂದಿಯನ್ನು ಪ್ರೆಸ್‌ಮಡ್‌ನೊಡನೆ ಬೆರೆಸಿ ಗೊಬ್ಬರ ಮಾಡುವುದುಂಟು. ನಮ್ಮಲ್ಲಿ ಜಲಮಾಲಿನ್ಯದ ಕಾಯಿದೆ 1974ರಲ್ಲಿ, ವಾಯುಮಾಲಿನ್ಯದ್ದು 1981ರಲ್ಲಿ ಬಂದುವು. ಸ್ಕ್ರಬರ್ ಈ ಎರಡು ಕಾಯಿದೆಗಳ ನಡುವೆ ನಿಂತ ಯಂತ್ರ. ಚಿಮಣಿಯ ತುದಿಯನ್ನು ಮಾತ್ರ ನೋಡಿದರೆ ಅದರ ಯೋಗ್ಯತೆ ತಿಳಿಯದು. ತೊಟ್ಟಿಯ ತಳವನ್ನೂ ನೋಡಬೇಕು.