ಹೋದ ರಕ್ತದ ಲೆಕ್ಕ

ಚಿಕ್ಕೋಡಿ, ಅಥಣಿ, ರಾಯಬಾಗ ಕಡೆಯ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿ ತಾಯಿ ಕಾರ್ಡಿನಲ್ಲಿ ಬರೆಯುವುದು ಈಗ ರೂಢಿ. ನೂರು ಮಿಲಿಲೀಟರ್ ರಕ್ತದಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ 'ರಕ್ತ ಕಡಿಮಿ ಐತಿ' ಎನ್ನುತ್ತಾರೆ. 7ಕ್ಕಿಂತ ಕೆಳಗಿಳಿದರೆ ಗಂಡಾಂತರ. ಮೈಯಲ್ಲಿರುವ ರಕ್ತಕ್ಕೆ ಹೀಗೆ ಲೆಕ್ಕವಿದೆ. ಹೆರಿಗೆಯಲ್ಲಿ ಹೋಗುವ ರಕ್ತಕ್ಕೆ ಮಾತ್ರ ಹಿಂದೆ ಕಣ್ಣಂದಾಜೇ ಗತಿಯಾಗಿತ್ತು. ಮೊದಲೇ ರಕ್ತಹೀನತೆಯಿದ್ದ ಬಾಣಂತಿಗೆ ಈ ಅಂದಾಜು ತಪ್ಪಿದರೆ ಜೀವಕ್ಕೇ ಸಂಚಕಾರ.

ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಬಿ. ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಹುಡುಕುತ್ತಿದ್ದದ್ದು ಬೇರೆಯೇ ಒಂದು ಪ್ರಶ್ನೆಗೆ ಉತ್ತರ. ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಇತ್ತು. ಆದರೆ ಅದಕ್ಕೆ ತಂಪು ಬೇಕು, ಚುಚ್ಚಲು ಪಳಗಿದ ಕೈ ಬೇಕು. ಹೊಟ್ಟೆಹುಣ್ಣಿಗೆಂದು ಬಂದಿದ್ದ ಮಿಸೊಪ್ರೊಸ್ಟಾಲ್ ಗುಳಿಗೆಗೆ ಇದಾವುದರ ಹಂಗಿಲ್ಲ. ಹಳ್ಳಿಯ ಹೆರಿಗೆಯಲ್ಲಿ ಅದನ್ನು ನುಂಗಿಸಿದರೆ ಸಾಕೇ? ಸಾಕೋ ಸಾಲದೋ ಎಂದು ಹೇಳಬೇಕಾದರೆ ಮೊದಲು ರಕ್ತ ಅಳೆಯಬೇಕಲ್ಲ!

ಅದಕ್ಕೆಂದು ರೂಪುಗೊಂಡದ್ದು ಒಂದು ಪ್ಲಾಸ್ಟಿಕ್ ಹಾಳೆ. ಕೂಸು ಹೊರಬಂದು ನೆತ್ತಿನೀರು ಹರಿದುಹೋದ ಮೇಲೆ ಅದನ್ನು ತಾಯಿಯ ಕೆಳಗೆ ಹಾಸಿ, ಪಟ್ಟಿಯನ್ನು ಹೊಟ್ಟೆಯ ಸುತ್ತ ಕಟ್ಟುತ್ತಾರೆ. ತುದಿಯಲ್ಲಿ ಇಳಿಬಿದ್ದ ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಮೊದಲೇ ಹಾಸಿದರೆ ನೀರೂ ರಕ್ತವೂ ಕಲೆತು ಲೆಕ್ಕ ಕೆಡುತ್ತದೆ. ಕಣ್ಣಂದಾಜನ್ನು ಈ ಹಾಳೆಯ ಪಕ್ಕದಲ್ಲಿಟ್ಟು ನೋಡಿದಾಗ ಕಣ್ಣು ಸುಮಾರು ಮೂರನೇ ಒಂದು ಪಾಲು ರಕ್ತವನ್ನು ಕಾಣದೇ ಬಿಟ್ಟಿತ್ತು.

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಪರೀಕ್ಷೆ ನಡೆಯಿತು. ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸಿದವರು 25 ಮಂದಿ ಎಎನ್‌ಎಂಗಳು, ಅಂದರೆ ಸಹಾಯಕ ದಾದಿಯರು. ನಿಜವಾದ ಸಂಶೋಧಕರು ಅವರೇ ಎಂದರೂ ನಡೆದೀತು. ಒಟ್ಟು 1,620 ತಾಯಂದಿರಲ್ಲಿ ಅರ್ಧದಷ್ಟು ಜನಕ್ಕೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ತಿಳಿಯದು. 500 ಮಿಲಿಲೀಟರ್ ಮುಟ್ಟಿದ ರಕ್ತಸ್ರಾವ ಬರಿ ಗುಳಿಗೆಯವರಲ್ಲಿ ನೂರಕ್ಕೆ 12, ಔಷಧ ಪಡೆದವರಲ್ಲಿ 6.4. ಸಾವಿರ ಮಿಲಿಲೀಟರ್ ಮುಟ್ಟಿದ ಭಾರಿ ಸ್ರಾವ 1.2ರಿಂದ 0.2ಕ್ಕೆ ಇಳಿದಿತ್ತು. ಕೆಲವರಿಗೆ ಚಳಿ, ಜ್ವರ ಬಂದವು, ಬೇಗ ಬಿಟ್ಟವು.

ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹೆಸರು ಗುಳಿಗೆಗೆ ಬಂತು. ನನ್ನನ್ನು ಕೇಳಿದರೆ ಹಾಳೆಯೇ ಒಂದು ಕೈ ಮೇಲು. ಕೆನ್ಯಾ, ನೈಜೀರಿಯಾ, ಟಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ಆಸ್ಪತ್ರೆಗಳಲ್ಲಿ ಅಂಥದೇ ಗೆರೆಯ ಹಾಳೆ ಹಾಸಿ, ಸ್ರಾವವನ್ನು ಬೇಗ ಗುರುತಿಸಿ, ಚಿಕಿತ್ಸೆಗಳನ್ನೆಲ್ಲ ಒಟ್ಟಿಗೇ ಕೊಟ್ಟು ನೋಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಕ್ರಿಯೆ, ಅದರಿಂದಾಗುವ ಸಾವು ಇವೆಲ್ಲ ಸೇರಿ ಶೇಕಡಾ 60ರಷ್ಟು ಇಳಿದವೆಂದು 2023ರಲ್ಲಿ ವರದಿಯಾಯಿತು.